ಹತ್ತು ದಿನ ಕಟ್ಟಿಹಾಕಿದ ಮರಿ

ಜಗಳೂರಿನ ಆಸ್ಪತ್ರೆಯಲ್ಲಿ ಅಂತರಘಟ್ಟಮ್ಮ ಹದಿನೆಂಟು ವರ್ಷದಿಂದ ಆಯಾ. ನಾಯಿ ಕಚ್ಚಿದವರಿಗೆ ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಹಾಕುವಾಗ ಮಕ್ಕಳ ಕೈಕಾಲು ಅದುಮಿ ಹಿಡಿಯುವುದು ಅವಳ ಪಾಲಿನ ಕೆಲಸ. ತಡವಾಗಿ ಬಂದ ಕುರಿಗಾಹಿಯೊಬ್ಬ, ಲೋಟಕ್ಕೆ ನೀರು ಬಗ್ಗಿಸಿದ ಸದ್ದಿಗೇ ಗಂಟಲು ಬಿಗಿದು ಒದ್ದಾಡಿದ್ದನ್ನು ಒಮ್ಮೆ ನೋಡಿದ್ದಳು. ಅಂದಿನಿಂದ ಯಾವ ನಾಯಿಯೂ ಅವಳಿಗೆ ಇಡಿಯಾಗಿ ಕಾಣುತ್ತಿರಲಿಲ್ಲ. ಬಾಯಿ, ಬಾಯಂಚಿನ ಜೊಲ್ಲು, ಅಷ್ಟೇ.

೧೯೭೯ರ ಬೇಸಿಗೆಯಲ್ಲಿ ಅವಳ ಮಗಳ ಮಗಳು, ಆರು ವರ್ಷದ ಸುಂಕಲಮ್ಮ, ಬೀದಿಯ ನಾಯಿಮರಿಯೊಂದನ್ನು ಲಂಗದಲ್ಲಿ ಸುತ್ತಿಕೊಂಡು ಬಂದಳು. ಓಣಿಯವರು ಅದನ್ನು ಕೈಯಿಂದ ಕೈಗೆ ದಾಟಿಸಿದರು. "ಕೂಸಿನಂಗೈತೆ ನೋಡ್ರೇ," ಎಂದಳು ಪಕ್ಕದ ಮನೆಯ ದೊಡ್ಡಕ್ಕ. ಅಂತರಘಟ್ಟಮ್ಮ ಕೆಲಸ ಮುಗಿಸಿ ಬರುವಷ್ಟರಲ್ಲಿ ಮರಿಯ ಹಲ್ಲು ತಾಗಿ ಹುಡುಗಿಯ ಮಣಿಕಟ್ಟಿನಲ್ಲಿ ರಕ್ತ ಜಿನುಗಿತ್ತು.

ಸೋಪು ಹಚ್ಚಿ ಉಜ್ಜಿ ತೊಳೆದು ಆಸ್ಪತ್ರೆಗೆ ಓಡಿದಳು.

"ಮರೀನ ಕಟ್ಟಿಹಾಕು," ಎಂದರು ಡಾಕ್ಟರು. "ಹತ್ತು ದಿನ ಚೆನ್ನಾಗಿದ್ರೆ ಮಗೂಗೆ ಭಯ ಇಲ್ಲ. ಅದು ಊಟ ನೀರು ಬಿಟ್ರೆ ಅವತ್ತೇ ಸೂಜಿ ಶುರು."

ಹಿತ್ತಲಿನ ಕಂಬಕ್ಕೆ ಮರಿಯನ್ನು ಕಟ್ಟಿದಳು. ಅನ್ನದ ತಟ್ಟೆಯನ್ನು ಕೋಲಿನಿಂದ ಮುಂದೆ ತಳ್ಳುವಳು. ದೂರದಲ್ಲಿ ಕೂತು ಅದು ನುಂಗುವುದನ್ನೇ ನೋಡುವಳು.

ಓಣಿಯಲ್ಲಿ 'ಕಚ್ಚಿತಂತೆ' ಎಂಬುದು ಎರಡೇ ದಿನಕ್ಕೆ 'ಹುಚ್ಚಂತೆ' ಆಯಿತು. ದೊಡ್ಡಕ್ಕ ಒನಕೆ ಹಿಡಿದು ಬಂದಳು, ಹಿಂದೆ ಇನ್ನಿಬ್ಬರು.

"ಅದರ ಕಣ್ಣು ನೋಡೇ, ಹೆಂಗೈತೆ. ಹೊಡೆದು ಹಾಕಾನ, ಬಿಡು ದಾರಿ."

"ಮೊನ್ನೆ ಕೂಸಿನಂಗಿತ್ತಲ್ಲ?"

"ಮೊನ್ನೆ ಗೊತ್ತಿರಲಿಲ್ಲ."

"ನಂಗೆ ಇವತ್ತೂ ಗೊತ್ತಿಲ್ಲ. ಕೊಂದ್ರೆ ಗೊತ್ತಾಗಾದು ಹೆಂಗೆ?" ಅಂತರಘಟ್ಟಮ್ಮ ಬಾಗಿಲಿಗೆ ಅಡ್ಡ ನಿಂತಳು. "ಅದು ಉಳೀಬೇಕು ದೊಡ್ಡಕ್ಕ. ಅದು ಉಳಿದ್ರೆ ನನ್ನ ಕೂಸು ಉಳೀತು ಅಂತ ಲೆಕ್ಕ."

ಅವರು ಗೊಣಗುತ್ತ ಹೋದರು. ಅವಳು ರಜೆ ಹಾಕಿ ಹಿತ್ತಲಲ್ಲೇ ಕೂತಳು.

ಆರನೆಯ ದಿನ ಮರಿ ನೀರು ಮುಟ್ಟಲಿಲ್ಲ. ಬೆಳಿಗ್ಗೆ ಇಲ್ಲ, ಹೊತ್ತು ನೆತ್ತಿಗೆ ಬಂದರೂ ಇಲ್ಲ. ಅವಳು ಒಳಗೆ ಹೋಗಿ ಮೊಮ್ಮಗಳಿಗೆ ತಲೆ ಬಾಚಿದಳು.

"ಎಲ್ಲಿಗ್ ಹೋಗಾದು ಅಜ್ಜೀ?"

ಅವಳು ಜಡೆ ಹೆಣೆದು ಮುಗಿಸಿದಳು. ಈ ಸಣ್ಣ ಕಾಲುಗಳನ್ನೂ ತಾನೇ ಅದುಮಿ ಹಿಡಿಯಬೇಕು.

ಹೊರಡುವ ಮುಂಚೆ ಇನ್ನೊಮ್ಮೆ ಹಿತ್ತಲಿಗೆ ಬಂದಳು. ಬಿಸಿಲು ಕಂಬದವರೆಗೂ ಬಂದು ನೀರಿನ ತಟ್ಟೆ ಕಾದಿತ್ತು. ಹೊಸ ನೀರು ತುಂಬಿ ಕೋಲಿನಿಂದ ತಳ್ಳಿದರೆ ಚೆಲ್ಲುತ್ತದೆ. ಸೆರಗು ಸೊಂಟಕ್ಕೆ ಬಿಗಿದು, ಉಸಿರು ಹಿಡಿದು, ಹಗ್ಗದ ಅಳತೆಯೊಳಗೆ ಕಾಲಿಟ್ಟಳು. ಬಿಸಿ ನೀರು ಚೆಲ್ಲಿ, ಮಡಕೆಯ ತಣ್ಣೀರು ಬಗ್ಗಿಸಿದಳು. ಆ ಸದ್ದಿಗೆ ಒದ್ದಾಡೀತೇನೋ ಎಂದು ಮರಿಯ ಗಂಟಲನ್ನೇ ನೋಡಿದಳು. ಮರಿ ಎದ್ದು ಬಂದು, ಅವಳ ಬೆರಳಿನ ಪಕ್ಕದಲ್ಲೇ ಮೂತಿ ಅದ್ದಿ, ಲಪಲಪನೆ ಕುಡಿಯಿತು.

ಹನ್ನೊಂದನೆಯ ಬೆಳಿಗ್ಗೆ ಡಾಕ್ಟರು ಹುಡುಗಿಯ ಮಣಿಕಟ್ಟು ನೋಡಿ, ಮರಿ ಚೆನ್ನಾಗಿದೆ ಎಂದು ಕೇಳಿಕೊಂಡು, "ಬಿಚ್ಚು ಅದನ್ನ," ಎಂದರು. ಮನೆಗೆ ಬಂದು, ಮರಿಯ ಬಾಯಿಂದ ಕೈ ದೂರವಿಟ್ಟುಕೊಂಡೇ ಹಗ್ಗ ಬಿಚ್ಚಿದಳು. ದೊಡ್ಡಕ್ಕ ಬೇಲಿಯಾಚೆಯಿಂದ, "ಎಷ್ಟ್ ಮುದ್ದಾಗೈತೆ, ಕೊಡೇ ಇಲ್ಲಿ," ಎಂದು ಕೈ ಚಾಚಿದಳು.

ಅಂತರಘಟ್ಟಮ್ಮ ಕೊಡಲಿಲ್ಲ, ಎತ್ತಿಕೊಳ್ಳಲೂ ಇಲ್ಲ. ಮರಿಯ ಎಡಗಿವಿ ಮಡಚಿಕೊಂಡಿದ್ದನ್ನು ಈಗಷ್ಟೇ ಕಂಡವಳಂತೆ ನೋಡುತ್ತ ನಿಂತಳು.