ಬಿ ಸೈಡ್ ಕೇಳದೆ ಬರೆದ ಚೀಟಿ

೨೦೦೧ನೇ ಇಸವಿ, ಫೆಬ್ರವರಿ ತಿಂಗಳು. ಆಗ ಸಕಲೇಶಪುರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಸಿನಿಮಾ ಹಾಡು, ಭಕ್ತಿಗೀತೆಗಳಿಂದ ಹೊಟ್ಟೆ ತುಂಬುತ್ತಿತ್ತು. ಆದರೆ ನನಗೆ ಹುಚ್ಚು ಇದ್ದದ್ದು ರಾಕ್ ಸಂಗೀತದ್ದು. ಅದರಲ್ಲೂ ದೊಡ್ಡ ಕಂಪನಿಗಳ ಹಂಗಿಲ್ಲದೆ ತಾವೇ ಹಾಡಿ, ತಾವೇ ರೆಕಾರ್ಡ್ ಮಾಡಿ ಹೊರತರುವ ಇಂಡೀ, ಆಲ್ಟರ್ನೇಟಿವ್ ಬ್ಯಾಂಡುಗಳ ಹೊಸ ಆಲ್ಬಂ ಕೈಗೆ ಬಂದರೆ ಊಟ ಮರೆತು ಕೂತುಬಿಡುತ್ತಿದ್ದೆ.

ಕೇಳಿದ್ದಕ್ಕೆಲ್ಲ ಒಂದು ಚೀಟಿ ಬರೆದು, ರಬ್ಬರ್ ಬ್ಯಾಂಡ್ ಹಾಕಿ ಕ್ಯಾಸೆಟ್ಟಿಗೆ ಸಿಕ್ಕಿಸುವುದು ನನ್ನ ಅಭ್ಯಾಸ. 'ಮೊದಲ ಮೂರು ಹಾಡು ಭರ್ಜರಿ. ನಾಲ್ಕನೇದರಿಂದ ಹಾಡುವವನಿಗೇ ಬೇಜಾರು ಬಂದಿದೆ.' 'ಗಿಟಾರ್ ಕೇಳಿ, ಡ್ರಮ್ಮನ್ನು ಕ್ಷಮಿಸಿ.' 'ಎರಡನೇ ಸಲಕ್ಕೆ ಹಿಡಿಸುತ್ತೆ, ಆತುರ ಬೇಡ.' ರಜೆಗೆ ಬರುವ ಎಸ್ಟೇಟ್ ಮನೆಗಳ ಹುಡುಗ ಹುಡುಗಿಯರು ಚೀಟಿ ಓದದೆ ಕ್ಯಾಸೆಟ್ ಮುಟ್ಟುತ್ತಿರಲಿಲ್ಲ. ನನಗೂ ತಲೆ ಸ್ವಲ್ಪ ತಿರುಗಿತ್ತು, ಸುಳ್ಳು ಯಾಕೆ ಹೇಳಲಿ.

ಕೀರ್ತಿ ಅಂತ ಒಬ್ಬ ಬರುತ್ತಿದ್ದ. ಆಲೂರು ಕಡೆ ಕುಂದೂರಿನವನು, ಇಪ್ಪತ್ಮೂರು ವಯಸ್ಸು. ಅಕ್ಕ ಸವಿತಾಳ ಮನೆಯಲ್ಲಿದ್ದುಕೊಂಡು ಹತ್ತಿರದ ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಆಳುಗಳ ಹಾಜರಿ ಬರೆಯುವ ಕೆಲಸ. ವಾರಕ್ಕೊಮ್ಮೆ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತು, ಹೆಡ್‌ಫೋನ್ ಹಾಕಿಕೊಂಡು, ಏನೂ ಕೊಳ್ಳದೆ ಕೇಳಿ ಹೋಗುತ್ತಿದ್ದ. ಒಂದು ಸಂತೆ ದಿನ ಹತ್ತು ಕ್ಯಾಸೆಟ್ ತಂದು ನನ್ನ ಮುಂದಿಟ್ಟ.

"ಅಣ್ಣ, ನಮ್ದೇ ಆಲ್ಬಂ. ನಾನು, ಇನ್ನಿಬ್ರು ಫ್ರೆಂಡ್ಸು ಸೇರ್ಕೊಂಡು ಎಸ್ಟೇಟ್ ಸ್ಟೋರ್ನಾಗೆ ರೆಕಾರ್ಡ್ ಮಾಡಿದ್ದು. ಎಲ್ಲಾ ಕನ್ನಡದ್ದೇ ಹಾಡು. ನಿಮ್ ಚೀಟಿ ಹಾಕಿ ಇಡಿ. ಇದ್ದಿದ್ ಇದ್ದಂಗೇ ಬರೀರಿ" ಅಂದ.

ಅವತ್ತು ಗಿರಾಕಿಗಳ ಗಲಾಟೆ. ಅದರ ನಡುವೆಯೇ ಎ ಸೈಡ್ ಹಾಕಿ ಕೇಳಿದೆ. ಬಿ ಸೈಡಿಗೆ ತಿರುಗಿಸಲೇ ಇಲ್ಲ. ಅಷ್ಟು ವರ್ಷದಲ್ಲಿ ಯಾವ ಬ್ಯಾಂಡಿಗೂ ಹಾಗೆ ಮಾಡಿರಲಿಲ್ಲ. ನಮ್ಮ ಕಡೆಯ ಹುಡುಗನಲ್ಲವೇ, ಇಷ್ಟು ಸಾಕು ಅನ್ನಿಸಿತೋ ಏನೋ. ಬರೆದೆ: 'ಗೋಣಿಚೀಲದೊಳಗೆ ಕೂತು ಹಾಡಿದಂತಿದೆ. ದನಿಗೆ ಜೀವವಿಲ್ಲ. ಹಾಡಿದವರು ಬೇರೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು.' ಕೊನೆಯ ಸಾಲಿಗೆ ನಾನೇ ನಕ್ಕೆ.

ಶನಿವಾರ ಸಂಜೆ ಕೀರ್ತಿ ಬಂದ. ಚೀಟಿ ಓದಿದ. ಇನ್ನೊಮ್ಮೆ ಓದಿದ. ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟುಹೋದ. ಸಿಟ್ಟು ಬಂದಿರಬೇಕು, ನಾಳೆ ಸರಿಹೋಗುತ್ತಾನೆ ಅಂದುಕೊಂಡೆ.

ಮಾರನೇ ದಿನ ಹನ್ನೊಂದು ಗಂಟೆಗೆ ಸವಿತಾ ಏದುಸಿರು ಬಿಡುತ್ತಾ ಅಂಗಡಿಗೆ ಬಂದಳು.

"ನಿನ್ನೆ ನಿಮ್ ಅಂಗ್ಡಿಯಿಂದ ಬಂದೋನು ಊಟ ಮುಟ್ಲಿಲ್ಲ ಕಣಣ್ಣ. ಬೆಳಿಗ್ಗೆ ಎದ್ದು ನೋಡಿದ್ರೆ ಗಿಟಾರ್ ತಗೊಂಡು ಹೋಗ್ಬುಟ್ಟವ್ನೆ. ದೋಣಿಗಲ್ ತಾವ ರೈಲು ಹಳಿ ಮೇಲೆ ಒಬ್ನೇ ಎಡಕುಮೇರಿ ಕಡೀಕೆ ಹೋಗ್ತಿದ್ದ ಅಂತ ಹಾಲಿನ ಜೀಪ್ನೋರು ಹೇಳಿದ್ರು. ನೀವೇನಾರ ಅಂದ್ರಾ?"

"ನಾನೇನೂ ಅನ್ನಲಿಲ್ಲಮ್ಮ" ಅಂದೆ. ಅಂದಿರಲಿಲ್ಲ ನಿಜ, ಬರೆದಿದ್ದೆ. ಹಳಿ ಅಗಲ ಮಾಡುವ ಕೆಲಸಕ್ಕೆಂದು ಅಲ್ಲಿ ರೈಲು ಓಡಾಟ ನಿಂತು ವರ್ಷಗಳಾಗಿದ್ದವು. ಕಾಡು, ಕತ್ತಲೆ ಸುರಂಗ, ಕಂಬಿಯೇ ಇಲ್ಲದ ಸೇತುವೆಗಳು. ಆನೆಗಳೂ ಓಡಾಡುವ ಜಾಗ. ಮನಸ್ಸು ಕೆಟ್ಟವನು ಒಬ್ಬನೇ ಅಲ್ಲಿಗೆ ಯಾಕೆ ಹೋಗುತ್ತಾನೆ? ಬೇಡದ್ದೆಲ್ಲ ತಲೆಗೆ ಬಂತು.

ಬಾಡಿಗೆ ಜೀಪಿಗೆ ಹೇಳಿ ಕಳಿಸಿದೆ. ಬರುವುದು ಅರ್ಧ ಗಂಟೆ ತಡ ಅಂದರು. ಸವಿತಾ ಕಣ್ಣೊರೆಸಿಕೊಂಡು, "ಹಿಂದ್ಗಡೆ ಸೈಡ್ನಾಗೆ ನಿಮ್ಗೇ ಅಂತ ಏನೋ ಮಾತಾಡವ್ನಲ್ಲ, ಅದಾದ್ರೂ ಹಿಡಿಸ್ತಾ?" ಎಂದು ಕೇಳಿದಳು.

ನಾನು ಕ್ಯಾಸೆಟ್ ತಿರುಗಿಸಿ ಹಾಕಿದೆ. ನಾಲ್ಕೇ ಹಾಡು. ದನಿ ಮಂಕಾಗಿತ್ತು, ಸರಿ. ಆದರೆ ಹಾಡು ಮಂಕಾಗಿರಲಿಲ್ಲ. ಹಾಜರಿ ಪುಸ್ತಕ ಹಿಡಿದು ಹೆಸರು ಕೂಗುವ ಹಾಗೆಯೇ ಹಾಡೊಂದನ್ನು ಕಟ್ಟಿದ್ದ. ಅಂಥದ್ದನ್ನು ನಾನು ಯಾವ ಬ್ಯಾಂಡಿನಲ್ಲೂ ಕೇಳಿರಲಿಲ್ಲ. ಎಲ್ಲ ಮುಗಿದ ಮೇಲೆ ಅವನ ಮಾತು ಬಂತು: "ಈ ಕ್ಯಾಸೆಟ್ಟು ನಮ್ ಅಂಗ್ಡಿ ಅಣ್ಣಂಗೆ. ಮೂರು ವರ್ಷದಿಂದ ಏನೂ ಕೊಳ್ದೆ ಹೋದ್ರೂ ಸ್ಟೂಲ್ ಹಾಕ್ಕೊಟ್ಟವ್ರೆ. ಅವ್ರು ಚೆನ್ನಾಗೈತೆ ಅಂದ್ರೆ ಸಾಕು ನಂಗೆ." ಸವಿತಾಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ದೋಣಿಗಲ್‌ನಲ್ಲಿ ಸವಿತಾಳನ್ನು ಡ್ರೈವರ್ ಜೊತೆ ಕೂರಿಸಿ ಹಳಿ ಹಿಡಿದು ನಡೆದೆ. ಮೊದಲ ಸೇತುವೆಯಲ್ಲಿ ಹಲಗೆಗಳ ಸಂದಿಯಿಂದ ಕೆಳಗಿನ ಹಳ್ಳ ಕಂಡು ಕಾಲು ಬರಲಿಲ್ಲ. ಮಗುವಿನ ಹಾಗೆ ಅಂಬೆಗಾಲಿಟ್ಟು ದಾಟಿದೆ. ಪ್ರತಿ ಸೇತುವೆಯಲ್ಲೂ ಕೆಳಗೆ ನೋಡುವುದು, ಏನೂ ಕಾಣದಿದ್ದರೆ 'ಅಯ್ಯಪ್ಪಾ' ಅನ್ನುವುದು. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. ಎಷ್ಟು ನಡೆದೆನೋ ಗೊತ್ತಿಲ್ಲ, ಒಂದು ಸುರಂಗದ ಬಾಯಿಗೆ ಬಂದಾಗ ಒಳಗಿಂದ ಗಿಟಾರ್ ಕೇಳಿತು.

"ಲೋ ಕೀರ್ತಿ!"

"ಅಣ್ಣಾ, ಸುಮ್ಕಿರಿ! ರೆಕಾರ್ಡ್ ಆಯ್ತಾ ಐತೆ!"

ಬ್ಯಾಟರಿ ಹಾಕಿದ ಟೇಪ್ ರೆಕಾರ್ಡರನ್ನು ಕಲ್ಲಿನ ಮೇಲಿಟ್ಟುಕೊಂಡು ಕೂತಿದ್ದಾನೆ, ಮಹಾರಾಯ! ನಾನು ಅಲ್ಲೇ ಹಳಿಯ ಮೇಲೆ ಕೂತೆ. ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ. ಆಮೇಲೆ ಬಾಯಿಗೆ ಬಂದ ಹಾಗೆ ಬೈದೆ. "ಮನೇಲಿ ಹೇಳಿ ಬರೋಕೇನೋ ಧಾಡಿ ನಿಂಗೆ? ನಿಮ್ಮಕ್ಕ ಅಲ್ಲಿ ಸಾಯ್ತಾ ಅವಳೆ!"

"ಹೇಳಿದ್ರೆ ಬಿಡ್ತಿರ್ಲಿಲ್ಲ ಕಣಣ್ಣ. ಗೋಣಿಚೀಲ್ದೊಳಗೆ ಹಾಡ್ದಂಗೈತೆ ಅಂತ ಬರ್ದಿದ್ರಲ್ಲ, ಸರಿಯಾಗೇ ಹೇಳಿದ್ರಿ. ಸ್ಟೋರ್ ತುಂಬಾ ಕಾಫಿ ಚೀಲ ಇದ್ವು, ದನಿಯೆಲ್ಲಾ ಕುಡ್ದುಬುಟ್ಟವೆ. ಇಲ್ಲಿ ಕೇಳಿ." ಒಂದೇ ಒಂದು ಸಲ ತಂತಿ ಮೀಟಿದ. ಸುರಂಗವೆಲ್ಲ ತುಂಬಿತು.

"ಕೊನೇ ಸಾಲು?" ಅಂದೆ.

ಅವನು ತಲೆ ತಗ್ಗಿಸಿದ. "ಅದಕ್ಕೆ ನಿದ್ದೆ ಬರ್ಲಿಲ್ಲ. ಬಿ ಸೈಡ್ ಕೇಳಿ ಆದ್ಮೇಲೂ ಹಿಂಗ್ ಬರೆದ್ರಲ್ಲ ಅಂತ."

ಹೌದು, ಕೇಳಿಯೇ ಬರೆದೆ ಅಂದುಬಿಟ್ಟಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. "ಇವತ್ತು ಕೇಳ್ದೆ ಕಣೋ. ಬರೆಯೋವಾಗ ಕೇಳಿರ್ಲಿಲ್ಲ" ಅಂದೆ.

ಅವನು ಗಿಟಾರ್ ಬದಿಗಿಟ್ಟ. ಬೈಯಲಿಲ್ಲ. ಜೇಬಿನಿಂದ ಆ ಚೀಟಿ ತೆಗೆದು, ಹಾಜರಿ ಬರೆಯುವ ಪೆನ್ನನ್ನು ನನ್ನ ಕೈಗೆ ಕೊಟ್ಟ. "ಹಂಗಾರೆ ಅದನ್ನೂ ಬರೀರಿ."

ಸುರಂಗದ ಬಾಯಿಯ ಬೆಳಕಿನಲ್ಲಿ, ಮೊಣಕಾಲ ಮೇಲಿಟ್ಟುಕೊಂಡು ಬರೆದೆ: 'ಇದನ್ನು ಬರೆದವನು ಒಂದೇ ಸೈಡ್ ಕೇಳಿದ್ದ.' ಅವನು ಓದಿ, ಮಡಚಿ ಮತ್ತೆ ಜೇಬಿಗಿಟ್ಟುಕೊಂಡ. ವಾಪಸ್ ಬರುವಾಗ ಸೇತುವೆಗಳಲ್ಲಿ ನನ್ನ ಕೈ ಹಿಡಿದು ದಾಟಿಸಿದವನು ಅವನೇ. ದೋಣಿಗಲ್‌ನಲ್ಲಿ ಸವಿತಾ ಅವನ ಬೆನ್ನಿಗೆ ಎರಡು ಬಿಟ್ಟಳು. ಒಂದು ನನಗೆ ಬೀಳಬೇಕಿತ್ತು.

ಅಂಗಡಿ ಮುಚ್ಚಿ ಈಗ ವರ್ಷಗಳಾಗಿವೆ. ಇಂದಿಗೂ ಹೊಸ ಹಾಡು ಯಾವುದೇ ಕೇಳಲಿ, ಕೊನೆಯದು ಮುಗಿಯುವವರೆಗೆ ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನಲು ನನಗೆ ಭಯ. ಆ ಚೀಟಿ ಕೀರ್ತಿಯ ಹತ್ತಿರವೇ ಇದೆ. ಸಿಕ್ಕಾಗಲೆಲ್ಲ "ಅದನ್ನ ಹರಿದು ಹಾಕೋ ಮಾರಾಯ" ಅನ್ನುತ್ತೇನೆ. "ಇರ್ಲಿ ಬಿಡಣ್ಣ, ನೀವು ಬರೆದಿದ್ರಲ್ಲಿ ಅದೇ ಚೆನ್ನಾಗಿರೋದು" ಅನ್ನುತ್ತಾನೆ.