ಎತ್ತು ಒಪ್ಪಿದ ಪದ

ಕುಷ್ಟಗಿ, ನವೆಂಬರ್ 1941: ಪಂಪಣ್ಣನವರ ಮೆಣಸಿನಕಾಯಿ ತೋಟದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಆಳು ಹುಚ್ಚೀರಪ್ಪ ಆಗಲೇ ನೀರೆತ್ತುವ ಕಪಿಲೆ ಹೂಡಿದ್ದಾರೆ. ಅವರು ಹಗ್ಗದ ಮೇಲೆ ಕೂತು ಪದ ಎತ್ತಿದೊಡನೆ ಎರಡು ಎತ್ತು ಅದನ್ನು ಎಳೆಯುತ್ತ ಇಳಿಜಾರಿನಲ್ಲಿ ನಡೆಯುತ್ತವೆ, ಬಾವಿಯಿಂದ ತೊಗಲಿನ ಚೀಲ ಮೇಲೇರುತ್ತದೆ. ಸಾಲು ಮುಗಿದು ದನಿ ಇಳಿದಾಗ ಎತ್ತು ನಿಂತು ಹಿಂದೆ ಸರಿಯುತ್ತವೆ. ಮಧ್ಯಾಹ್ನದೊಳಗೆ ಇಂಥ ನೂರೈವತ್ತು ಚೀಲ.

ಪದ ಅವರದೇ. ಶಾಲೆಯ ಮುಖ ನೋಡದ ಈ ಮನುಷ್ಯ ಪದ ಕಟ್ಟಲು ಕಲಿತದ್ದು ನಲವತ್ತೆರಡನೆಯ ವಯಸ್ಸಿನಲ್ಲಿ. “ಇಪ್ಪತ್ತೈದು ವರ್ಷ ನಮ್ಮಪ್ಪನ ಪದಾನ ಹಾಡೀನ್ರಿ. ಸಾಯೂದ್ರಾಗ ನಂದಂತ ಒಂದು ಇರಲಿ ಅನಿಸ್ತು” ಎನ್ನುತ್ತಾರೆ.

ಹೆಂಡತಿ ಗಾಳೆಮ್ಮನದು ಒಂದೇ ದೂರು. “ಉಣ್ಣಾಕ ಕುಂತ್ರ ತಾಳಕ್ಕ ಗಂಗಾಳ ಬಡಿತಾರ್ರಿ. ರೊಟ್ಟಿ ಆರಿದ್ರೂ ಖಬರಿಲ್ಲ!”

ಮೊದಲ ದಿನವೇ ಫಜೀತಿಯಾಯಿತು. ಹೊಸ ಪದಕ್ಕೆ ಎತ್ತು ಅರ್ಧ ದಾರಿಯಲ್ಲೇ ನಿಂತು ಹಿಂದೆ ಸರಿದವು. ತುಂಬಿದ ಚೀಲ ಬಾವಿಗೇ ವಾಪಸಾಯಿತು. ನಾಲ್ಕು ದಿನ ಇದೇ ಕಥೆ. ಮೆಣಸಿನ ಮಡಿ ಒಣಗುವುದನ್ನು ಕಂಡ ಪಂಪಣ್ಣ ಸಿಟ್ಟಾದರು: “ಹಾಡೂದಿದ್ರ ಹಳೇದ ಹಾಡು. ಇಲ್ಲಂದ್ರ ಅಮಾಸಿಗಿ ಬ್ಯಾರೆ ಆಳು ನೋಡ್ತೀನಿ.”

ಹಳೆಯದನ್ನೇ ಹಾಡಿದರೆ ಕೆಲಸ ಉಳಿಯುತ್ತಿತ್ತು. ಆದರೆ ಮನಸ್ಸು ಒಪ್ಪಬೇಕಲ್ಲ. ಮೊಹರಂ ಪದ ಕಟ್ಟುವ ಪಿಂಜಾರ ಉಮರಸಾಬರು ಹುಚ್ಚೀರಪ್ಪನಿಗಿಂತ ಹತ್ತು ವರ್ಷ ಚಿಕ್ಕವರು. ಆದರೂ ಹುಚ್ಚೀರಪ್ಪ ನಾಚಿಕೆ ಬಿಟ್ಟು ಅವರ ಬಳಿ ಹೋದರು. ಉಮರಸಾಬರು ಬಾವಿಗೇ ಬಂದು ಕೂತು ಕೇಳಿದರು.

“ಪದ ಛಲೋ ಐತಣ್ಣ. ಆದ್ರ ನಡುವ ದನಿ ಇಳಿಸ್ತೀ, ಎತ್ತಿಗಿ ಮುಗೀತು ಅನಸ್ತೈತಿ. ಚೀಲ ಮ್ಯಾಲ ಬರೂತನಕ ಇಳಿಸಬ್ಯಾಡ.”

ಕೇಳಲು ಸುಲಭ. ಇಳಿಯಬೇಕೆನ್ನುವ ದನಿಯನ್ನು ಅಷ್ಟು ದೂರ ಹಿಡಿದು ನಡೆಸಲು ಹನ್ನೊಂದು ದಿನ ಹಿಡಿಯಿತು. ಅಷ್ಟು ದಿನವೂ ಚೀಲಕ್ಕೆ ಹಳೆಯ ಪದ, ಬಿಡುವಿನಲ್ಲಿ ಹೊಸದರ ರಿಪೇರಿ. ಅಮಾವಾಸ್ಯೆಯ ಹಿಂದಿನ ಬೆಳಿಗ್ಗೆ ಹೊಸ ಪದ ಎತ್ತಿದರು. ಎತ್ತು ನಡುವೆ ನಿಲ್ಲಲಿಲ್ಲ, ಚೀಲ ಮೇಲೆ ಬಂತು. ಹುಚ್ಚೀರಪ್ಪ ಹಗ್ಗದ ಮೇಲೆ ಕೂತೇ ಅತ್ತುಬಿಟ್ಟರಂತೆ. ಪಂಪಣ್ಣ ಈಗ ಬೇರೆ ಆಳಿನ ಮಾತೆತ್ತುವುದಿಲ್ಲ.

ನಿಂತು ಕೇಳಿದ ನಮಗೆ ಹೊಟ್ಟೆಕಿಚ್ಚಾಗುತ್ತದೆ. ನಾವು ಬರೆದದ್ದನ್ನು ಯಾರೂ ಇಷ್ಟು ಕಿವಿಗೊಟ್ಟು ಕೇಳಿಲ್ಲ. ಮುಂದೇನು ಆಸೆ ಎಂದರೆ ಹುಚ್ಚೀರಪ್ಪ ಎತ್ತಿನ ಬೆನ್ನು ಸವರುತ್ತಾರೆ.

“ದೊಡ್ಡಾಸಿ ಏನಿಲ್ರಿ. ನಾಳಿ ಧಣ್ಯಾರು ಈ ಎತ್ತು ಮಾರಿದ್ರ, ಕೊಂಡಾಂವ ಮೊದ್ಲ ನನ್ನ ಕಡಿ ಬಂದು ಪದ ಕಲ್ತು ಹೋಗಬೇಕು.”