ಹುರುಳಿಗೆ ಮಾತ್ರ ಹಿಡಿದ ಜರಡಿ

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಮಗಳು ಬೆಳಿಗ್ಗೆ ಮೊಬೈಲ್ ನೋಡಿ ಹೇಳಿದಳು: 'ಡಿಸರ್ನ್‌ಮೆಂಟ್' ಅಂದರೆ ವಿವೇಚನೆಯಂತೆ, ಲ್ಯಾಟಿನ್‌ನಲ್ಲಿ ಅದರ ಮೂಲ ಜರಡಿ ಹಿಡಿಯುವುದಂತೆ. ಪಕ್ಕದಲ್ಲೇ ನನ್ನ ಚಿಕ್ಕಮ್ಮ ಹುರುಳಿಗೆ ಜರಡಿ ಹಿಡಿಯುತ್ತಿದ್ದಳು. ಆ ಧೂಳಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ತೆರಕಣಾಂಬಿಯ ಅಜ್ಜಿಯ ಜಗಲಿಯಲ್ಲಿದ್ದೆ.

ಅಜ್ಜಿ ಹುರುಳಿಯನ್ನು ಮೊರದಲ್ಲಿ ಕೇರಿ, ಜರಡಿ ಹಿಡಿದು, ಅಷ್ಟಕ್ಕೂ ಸಮಾಧಾನವಾಗದೆ ಕಲ್ಲು ಆರಿಸಲು ನಮ್ಮನ್ನು ಕೂರಿಸುತ್ತಿದ್ದಳು. ಮುಗಿಯುವ ತನಕ ಆಟವೂ ಇಲ್ಲ, ಊಟವೂ ಇಲ್ಲ. ಒಂದು ಕಲ್ಲು ಉಳಿದರೂ "ಕಣ್ ಕಾಣಲ್ವಾ ಅಮ್ಮಿ?" ಎಂದು ತಲೆಗೆ ಮೊಟಕುತ್ತಿದ್ದಳು.

ಇಂಥವಳು ಚಿಕ್ಕಮ್ಮನಿಗೆ ಗಂಡು ಗೊತ್ತು ಮಾಡಿದ್ದು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ! "ನಾಕ್ ಜನ್ರ ಕೇಳನ ಕಣವ್ವ" ಎಂದು ಅಮ್ಮ ಅಂಗಲಾಚಿದಳು. "ಬೈಕಲ್ಲಿ ಬಂದವ್ನೆ, ಇನ್ನೇನ್ ಕೇಳದು ಬುಡು" ಎಂದಳು ಅಜ್ಜಿ. ಬೈಕು ಯಾರದೋ, ಕುಡಿತ ಮಾತ್ರ ಅವನದೇ. ವರ್ಷ ತುಂಬುವುದರೊಳಗೆ ಚಿಕ್ಕಮ್ಮ ಅದೇ ಜಗಲಿಗೆ ವಾಪಸ್ಸು ಬಂದಳು, ಅದೇ ಜರಡಿ ಹಿಡಿದಳು.

ಈಗ ಆ ಚಿಕ್ಕಮ್ಮನೇ ಹುರುಳಿಯಿಂದ ಕಲ್ಲೊಂದನ್ನು ಹೆಕ್ಕಿ ಎಸೆದು, ನನ್ನ ಮಗಳ ಕಡೆ ನೋಡಿದಳು.

"ಇವ್ಳ್ಗೆ ಹಂಗಳದಲ್ಲೊಂದು ಗಂಡು ಅದೆ ಕಣಮ್ಮಿ. ಕಾರು ಮಡಗವ್ನೆ. ಸುಮ್ನೆ ಒಪ್ಕಬುಡು."